ಮೀನಿಲ್ಲದ ಅಕ್ವೇರಿಯಂ

"ಮೀನು ಕೊಡಲ್ಲ."

ಅವಳು ತಬ್ಬಿಬ್ಬಾದಳು. ತನ್ನ ಕಿವಿಯನ್ನೇ ನಂಬಲಾಗಲಿಲ್ಲ!

"ಏನಂದ್ರಿ?"

"ಮೀನು ಕೊಡಲ್ಲ ಅಂದೆ ಮೇಡಂ. ಟ್ಯಾಂಕ್ ಕೊಡ್ತೀನಿ, ಫಿಲ್ಟರ್ ಕೊಡ್ತೀನಿ, ತಳಕ್ಕೆ ಹಾಕೋ ಜಲ್ಲಿ ಕೊಡ್ತೀನಿ. ಮೀನು ಮಾತ್ರ ಇವತ್ತು ಇಲ್ಲ."

ನೀವೇ ಹೇಳಿ, ಮೀನಿನಂಗಡಿಗೆ ಬಂದವರಿಗೆ ಮೀನು ಕೊಡಲ್ಲ ಅಂದರೆ ಹೇಗಾಗಬೇಡ? ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು. ತೊಟ್ಟಿ ತುಂಬ ಬಣ್ಣಬಣ್ಣದ ಮೀನುಗಳು. ನಟ್ಟನಡುವೆ, ಮೊಣಕೈವರೆಗೂ ಒದ್ದೆ ಮಾಡಿಕೊಂಡು, ಕೈಯಲ್ಲಿ ಪುಟ್ಟ ಬಲೆ ಹಿಡಿದು ನಿಂತ ಈ ಮಹಾನುಭಾವ!

"ಇಷ್ಟೊಂದು ಇಟ್ಕೊಂಡು ಕೊಡಲ್ಲ ಅಂದ್ರೆ ಏನರ್ಥ? ಆ ಎರಡು ಗೋಲ್ಡ್ ಫಿಷ್, ಆ ರೆಕ್ಕೆ ಉದ್ದ ಇರೋ ಏಂಜೆಲ್, ಆ ನೀಲಿ ಪಟ್ಟೆ ಪುಟಾಣಿಗಳು ಒಂದಷ್ಟು, ಆಮೇಲೆ ಆ ಕೆಂಪು ಫೈಟರ್. ಎಲ್ಲಾ ಒಂದೇ ಟ್ಯಾಂಕಿಗೆ. ಹಾಕಿಕೊಡಿ."

ಅವನು ಎದೆ ಮೇಲೆ ಕೈಯಿಟ್ಟುಕೊಂಡ.

"ಇವರನ್ನೆಲ್ಲ ಒಂದೇ ಮನೇಲಿಟ್ರೆ ವಾರದೊಳಗೆ ಕೊಲೆ ಆಗುತ್ತೆ ಮೇಡಂ!"

"ಕೊಲೆನಾ?!"

"ಮತ್ತೇನು! ಏಂಜೆಲ್ ನೋಡೋಕೆ ಸಾಧು. ದೊಡ್ಡದಾದ ಮೇಲೆ ಈ ಪುಟಾಣಿ ನಿಯಾನ್‌ಗಳನ್ನ ಒಂದೊಂದೇ ನುಂಗುತ್ತೆ. ಫೈಟರ್ ಇದೆಯಲ್ಲ, ಉದ್ದ ಬಾಲ ಕಂಡ್ರೆ ಆಗಲ್ಲ, ಕಿತ್ತು ಹಾಕುತ್ತೆ. ಗೋಲ್ಡ್ ಫಿಷ್‌ಗೆ ತಣ್ಣೀರು ಬೇಕು, ಉಳಿದವಕ್ಕೆ ಬೆಚ್ಚಗಿರಬೇಕು. ಅದೂ ಅಲ್ದೆ ಅದು ತಟ್ಟೆಯಷ್ಟು ಬೆಳೆಯುತ್ತೆ!"

ಚೆಂದ ಕಂಡದ್ದನ್ನೆಲ್ಲ ಒಟ್ಟಿಗೆ ಇಟ್ಟರೆ ಮನೆ ಚೆಂದ ಆಗುತ್ತದೆ ಎಂದುಕೊಂಡಿದ್ದಳು ಪಾಪ.

"ಸರಿ… ಆ ಪುಟಾಣಿಗಳನ್ನಾದ್ರೂ ಕೊಡಿ."

"ನೀರು ಆಗಿಲ್ವಲ್ಲ."

"ನೀರು ಆಗೋದು ಅಂದ್ರೇನ್ರೀ? ಅದೇನು ಅನ್ನವಾ?"

ಅವನು ನಕ್ಕ. "ಹೊಸ ನೀರಲ್ಲಿ ಬಿಟ್ರೆ ಮೀನು ತನ್ನ ಗಲೀಜಿನಲ್ಲೇ ಸಾಯುತ್ತೆ. ಆ ಗಲೀಜನ್ನ ತಿಂದು ಹಾಕೋ ಜೀವಾಣುಗಳು, ಕಣ್ಣಿಗೆ ಕಾಣಲ್ಲ, ಅವು ಫಿಲ್ಟರಿನ ಸ್ಪಂಜಿನಲ್ಲಿ ಬೆಳೀಬೇಕು. ಒಂದಷ್ಟು ವಾರ ಹಿಡಿಯುತ್ತೆ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ವಾರಕ್ಕೊಮ್ಮೆ ಬಾಟಲಿಯಲ್ಲಿ ನೀರು ತನ್ನಿ, ಪರೀಕ್ಷೆ ಮಾಡಿ ಹೇಳ್ತೀನಿ."

"ಮೀನೇ ಇಲ್ಲದ ಟ್ಯಾಂಕಿಗೆ ಊಟ ಹಾಕ್ಬೇಕಾ? ನಿಮಗೆ ತಲೆ ಸರಿ ಇದೆಯಾ?"

"ಇದೆ ಅಂತ ನಮ್ಮಮ್ಮ ಹೇಳ್ತಾರೆ."

ಸಿಟ್ಟಿನ ನಡುವೆಯೂ ಅವಳಿಗೆ ನಗು ಬಂದುಬಿಟ್ಟಿತು. ಬಂದದ್ದು ಕಂಡು ಅವಳೇ ಗಾಬರಿಯಾದಳು! ಆ ನಗು ಬಂದು ಎಷ್ಟೋ ಕಾಲವಾಗಿತ್ತು.

ಅವಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಗಿನಿಂದ ಸಂಜೆವರೆಗೆ ಮೇಣದಲ್ಲಿ ಹಲ್ಲು ಕೆತ್ತುವುದು. ಬೇರೆಯವರು ಬಾಯಿ ತುಂಬ ನಗಲೆಂದು ದುಡಿಯುವವಳು, ತಾನು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಕಾರಣವಿತ್ತು. ಮದುವೆಯಾಗಿತ್ತು, ಮುರಿದಿತ್ತು. ಆಫೀಸಿಗೆ ಅಂತ ಹೇಳಿ ದಿನಾ ಇನ್ನೊಬ್ಬಳ ಮನೆಗೆ ಹೋಗುತ್ತಿದ್ದ ಗಂಡ. ಇಡೀ ಬಡಾವಣೆಗೆ ಗೊತ್ತಿದ್ದ ಸಂಗತಿ ಕೊನೆಗೆ ತಿಳಿದದ್ದು ಅವಳಿಗೆ. ಅಂದು ಬಿದ್ದ ಪೆಟ್ಟಿಗೆ ಅವಳು ಅಪ್ಪನ ಮನೆಗೆ ಬಂದು ತನ್ನ ಹಳೆಯ ಕೋಣೆ ಸೇರಿಕೊಂಡಿದ್ದಳು. ಅವಳು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡದ್ದು ಒಂದೇ ಮಾತು. ಏನು ಬೇಕಾದರೂ ಸಹಿಸುತ್ತೇನೆ, ಸುಳ್ಳು ಸಹಿಸುವುದಿಲ್ಲ!

ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಅಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಜೀವನವಿಡೀ ಜನರ ಗದ್ದಲದಲ್ಲಿ ಕೂಗಿದ ಮನುಷ್ಯನಿಗೆ ಮಗಳ ಮೌನದ ಎದುರು ಮಾತೇ ಹೊರಡುತ್ತಿರಲಿಲ್ಲ. "ಪುಟ್ಟಿ, ಏನಾದ್ರೂ ಸಾಕು. ನಾಯಿ, ಬೆಕ್ಕು, ಏನಾದ್ರೂ. ಮನೇಲಿ ಒಂದು ಜೀವ ಓಡಾಡ್ಲಿ," ಅಂದಿದ್ದರು. ನಾಯಿಗೆ ಮನೆ ಚಿಕ್ಕದು, ಬೆಕ್ಕಿನ ಕೂದಲಿಗೆ ಅಪ್ಪನಿಗೆ ಉಬ್ಬಸ. ಹಾಗಾಗಿ ಮೀನು.

ಅಂದು ಬರೀ ಟ್ಯಾಂಕ್, ಫಿಲ್ಟರ್ ಕೊಂಡು ಬಂದವಳು ಮುಂದಿನ ವಾರ ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋದಳು.

"ಬಂದ್ರಾ ಬಾಟಲಿ ಮೇಡಂ!" ಅವನ ಮುಖ ಅರಳಿತು.

ಅವನು ನೀರನ್ನು ಸಣ್ಣ ಗಾಜಿನ ನಳಿಗೆಗೆ ಸುರಿದು, ಔಷಧಿಯ ಹನಿ ಹಾಕಿ ಅಲ್ಲಾಡಿಸಿದ. "ಕಿತ್ತಳೆ ಬಣ್ಣ ಬಂದ್ರೆ ನೀರು ಆಯ್ತು ಅಂತ. ಹಳದಿ ಅಂದ್ರೆ ಇಲ್ಲ."

ಹಳದಿ ಬಂತು.

ಅದರ ಮುಂದಿನ ವಾರವೂ ಹಳದಿ. ಅದರಾಚೆಯ ವಾರವೂ! ಪ್ರತಿ ಸಲವೂ ಅವನು ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಗಳಿಗೆ ಅವಳ ಮುಖ ನೋಡುವನು. ಏನೋ ಹೇಳಲು ಹೊರಟವನಂತೆ ತುಟಿ ಅಲುಗುವುದು. ಆಮೇಲೆ, "ಇನ್ನೂ ಆಗಿಲ್ಲ ಮೇಡಂ," ಅನ್ನುವನು.

ನೀರು ಆಗದಿದ್ದರೇನು, ಮಾತು ಆಗುತ್ತಿತ್ತು. ಯಾವ ಮೀನು ತರಬೇಕೆಂಬ ಚರ್ಚೆ ವಾರದಿಂದ ವಾರಕ್ಕೆ ಬೆಳೆಯಿತು. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಕೂತು ಸಂಬಂಧ ಕೂಡಿಸುವಷ್ಟು ಗಂಭೀರವಾಗಿ! ಗೋಲ್ಡ್ ಫಿಷ್ ಬಿಟ್ಟಳು. ಫೈಟರ್ ಬಿಟ್ಟಳು, ಸ್ವಲ್ಪ ಸಂಕಟಪಟ್ಟುಕೊಂಡೇ. ನಿಯಾನ್‌ಗಳ ಒಂದು ಗುಂಪು ಅಂತ ತೀರ್ಮಾನವಾಯಿತು.

"ತಳದಲ್ಲಿ ಓಡಾಡೋಕೆ ಕೋರಿ ತಗೊಳ್ಳಿ," ಅವನು ಮೀಸೆಯಿರುವ ಸಣ್ಣ ಮೀನುಗಳನ್ನು ತೋರಿಸಿದ. "ಯಾರ ತಂಟೆಗೂ ಹೋಗಲ್ಲ. ಆದ್ರೆ ಒಂದೇ ಒಂದು ಬೇಡ. ಒಂಟಿಯಾಗಿ ಬಿಟ್ರೆ ಮೂಲೆ ಸೇರಿಬಿಡುತ್ತೆ, ಊಟವನ್ನೂ ಬಿಡುತ್ತೆ."

ಅವಳು ಗಾಜಿಗೆ ಹಣೆ ಹಚ್ಚಿ ನೋಡಿದಳು. ಮೂಲೆ ಸೇರಿದವರ ಸಂಗತಿ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಮನೇಲಿ ಯಾರ್ಯಾರಿದೀರಿ?" ಒಮ್ಮೆ ಅವನು ಕೇಳಿದ್ದ.

"ನಾನು, ಅಪ್ಪ."

"ಅಷ್ಟೇನಾ?"

"ಅಷ್ಟೇ."

ಮದುವೆಯ ವಿಷಯ ಹೇಳಬೇಕಿತ್ತು… ಹೇಳಿದರೆ ಆ ಮುಖದಲ್ಲಿ ಏನು ಬದಲಾಗುತ್ತದೋ! ಮುಂದಿನ ವಾರ ಹೇಳೋಣ ಎಂದುಕೊಂಡಳು. ಮುಂದಿನ ವಾರವೂ ಹಾಗೆಯೇ ಎಂದುಕೊಂಡಳು.

ಮನೆಗೆ ಬಂದು ಊಟಕ್ಕೆ ಕೂತರೆ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. "ಅಪ್ಪಾ, ಇವತ್ತು ಆ ಮೀನಿನಂಗಡಿಯವನು ಏನಂದ ಗೊತ್ತಾ…" ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ಈಚೆಗೆ ಅವರಿಗೆ ಯಾಕೋ ಸೊಂಟ ನೋವು ಬೇರೆ ಶುರುವಾಗಿತ್ತು.

ಹೀಗಿರುವಾಗ ಲ್ಯಾಬಿನಲ್ಲಿ ಬಾಂಬ್ ಬಿತ್ತು.

ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಸುರಿಯುವ ಹಿರಿಯ ಸಹೋದ್ಯೋಗಿಗೆ ಎಲ್ಲರೂ ಪ್ಲಾಸ್ಟರ್ ಅಕ್ಕ ಅನ್ನುತ್ತಿದ್ದರು. ಅವರ ಮನೆಯಲ್ಲೂ ಅಕ್ವೇರಿಯಂ ಇತ್ತು.

"ಇನ್ನೂ ನೀರು ಆಗಿಲ್ವಾ?" ಪ್ಲಾಸ್ಟರ್ ಅಕ್ಕ ಕಣ್ಣರಳಿಸಿದರು. "ಏನೇ ನೀನು! ನಮ್ಮನೇಲಿ ತಿಂಗಳು ಚಿಲ್ಲರೆಗೆ ಮೀನು ಬಿಟ್ವಿ. ನೀನು ಬೇಸಿಗೆಯಿಂದ ಬಾಟಲಿ ಹೊರ್ತಿದೀಯ, ಈಗ ಚಳಿ ಬಂತು! ನಿನ್ನ ಕಣ್ಣಿಗೆ ಮಣ್ಣೆರಚ್ತಿದಾನೆ ಕಣೇ ಅವನು."

"ಯಾಕೆ ಹಾಗ್ಮಾಡ್ತಾನೆ ಅಕ್ಕ?"

"ಯಾಕೆ ಅಂತೆ! ನೀರು ಆಯ್ತು ಅಂದ್ರೆ ನೀನು ಮೀನು ತಗೊಂಡು ಹೋಗಿಬಿಡ್ತೀಯ. ಆಗಿಲ್ಲ ಅಂದ್ರೆ ವಾರ ವಾರ ಬರ್ತೀಯ. ಬೆಳ್ಳಗಿರೋದೆಲ್ಲ ಹಾಲಲ್ಲ ಕಣಮ್ಮ."

ಅವಳ ಕೈಯಲ್ಲಿದ್ದ ಮೇಣದ ಹಲ್ಲು ಜಾರಿ ನೆಲಕ್ಕೆ ಬಿತ್ತು.

ಸುಳ್ಳು… ಮತ್ತೆ ಸುಳ್ಳಾ? ಅಷ್ಟು ನಗುನಗುತ್ತಾ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದೆಲ್ಲ ಸುಳ್ಳಾ? ಮತ್ತೆ ನಾನೇ ಕೊನೆಗೆ ತಿಳಿದುಕೊಳ್ಳುವವಳಾ?!

ಅಂದು ಸಂಜೆ ಅವಳು ವಾರದ ಬಾಟಲಿ ಹಿಡಿದೇ ಅಂಗಡಿಯ ಮೆಟ್ಟಿಲನ್ನು ಬಿರುಗಾಳಿಯಂತೆ ಹತ್ತಿದಳು. ಒಳಗೆ ಗಿರಾಕಿಗಳು ತುಂಬಿದ್ದರು.

"ಬಂದ್ರಾ ಬಾಟಲಿ…"

"ಸಾಕು!" ಅವಳ ಧ್ವನಿಗೆ ಎಲ್ಲರೂ ತಿರುಗಿದರು. "ನನ್ನ ನೀರು ಯಾವತ್ತೋ ಆಗಿದೆ. ಬೇಕೂಂತಲೇ ಆಗಿಲ್ಲ ಅಂತ ಹೇಳ್ತಿದೀರಿ. ಹೌದೋ ಅಲ್ವೋ?"

ಅವನು ಕಕ್ಕಾಬಿಕ್ಕಿಯಾದ. "ಒಳಗೆ ಬನ್ನಿ ಮೇಡಂ, ಮಾತಾಡೋಣ…"

"ಇಲ್ಲೇ ಹೇಳಿ!"

"ನಿಮ್ಮ ನೀರು ಒಂದು ಸಲವೂ ಆಗಿರಲಿಲ್ಲ ಮೇಡಂ. ಅದು ಆಗೋ ನೀರೇ ಅಲ್ಲ. ಪ್ರತಿ ವಾರ ಆಗ ತಾನೇ ನಲ್ಲಿಯಿಂದ ಹಿಡಿದ ನೀರು. ಯಾರೋ ಇಡೀ ಟ್ಯಾಂಕ್ ಖಾಲಿ ಮಾಡಿ ಹೊಸದಾಗಿ ತುಂಬಿಸ್ತಿದಾರೆ." ಅವನ ಧ್ವನಿ ಇಳಿಯಿತು. "ನೀವೇ… ನೀವೇ ಬದಲಾಯಿಸ್ತಿದೀರಿ ಅಂತ ನಾನಂದ್ಕೊಂಡಿದ್ದೆ."

"ನಾನಾ?! ನಾನ್ಯಾಕೆ ಬದಲಾಯಿಸ್ಲಿ?"

ಅವನು ಮುಖ ತಗ್ಗಿಸಿದ. ಕಿವಿ ಕೆಂಪಾಗಿದ್ದವು. ಆ ಮುಖ ಅವಳ ಕಣ್ಣಿಗೆ ತಪ್ಪಿತಸ್ಥನ ಮುಖವಾಗಿ ಕಂಡಿತು.

"ಮಾಡೋದು ಮಾಡಿ ನನ್ನ ತಲೆಗೇ ಕಟ್ತೀರಾ? ಎಲ್ಲರೂ ಒಂದೇ ನೀವು! ಸುಳ್ಳುಗಾರ!"

ಬಾಟಲಿಯನ್ನು ಅಲ್ಲೇ ಕುಕ್ಕಿ ಹೊರಟುಬಂದಳು. ದಾರಿಯುದ್ದಕ್ಕೂ ಕಣ್ಣೀರು ಧಾರಾಕಾರ. ಸಿಟ್ಟಿಗೆ ಅಳುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಸಿಟ್ಟಿಗೆ ಎದೆ ಇಷ್ಟು ನೋಯುತ್ತದೆಯೇ? ಅವನು ಯಾರೋ ಅಂಗಡಿಯವನು ತಾನೇ? ಅಲ್ಲವೆಂದು ಅವಳಿಗೆ ಆ ದಾರಿಯಲ್ಲೇ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಲ್ಯಾಬಿಗೆಂದು ಹೊರಟವಳು ಬೀದಿಯ ಕೊನೆಯವರೆಗೂ ಹೋಗಿ ಹಿಂತಿರುಗಿದಳು. ಕನ್ನಡಕ ಮರೆತಿತ್ತು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳು ಗರ ಬಡಿದವಳಂತೆ ನಿಂತುಬಿಟ್ಟಳು!

ಅಪ್ಪ ನೆಲದ ಮೇಲೆ ಮಂಡಿಯೂರಿದ್ದರು. ಅಕ್ವೇರಿಯಂನಿಂದ ಒಂದು ಪೈಪು ಬಕೆಟ್ಟಿಗೆ ಇಳಿದಿತ್ತು. ನೀರು ಮುಕ್ಕಾಲು ಖಾಲಿ. ಫಿಲ್ಟರಿನ ಸ್ಪಂಜನ್ನು ಅಪ್ಪ ಇನ್ನೊಂದು ಬಕೆಟ್ಟಿನ ನೀರಿನಲ್ಲಿ ಬಟ್ಟೆ ಹಿಂಡಿದಂತೆ ಹಿಂಡುತ್ತಿದ್ದರು.

"ಅಪ್ಪಾ!!"

ಅಪ್ಪ ಬೆಚ್ಚಿ ತಿರುಗಿದರು. ಸಾವಿರಾರು ಜನರ ಟಿಕೆಟ್ ಕೇಳಿದ ಆ ಮನುಷ್ಯ ಅಂದು ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರಂತೆ ಕೂತಿದ್ದರು.

"ನೀನಾ? ಇಷ್ಟು ದಿನ ನೀನಾ?!"

"ಅದು… ನೀರು ಒಂಥರಾ ವಾಸನೆ ಬರ್ತಿತ್ತು ಪುಟ್ಟಿ…"

"ಅಪ್ಪಾ, ನಿಜ ಹೇಳು."

ಅಪ್ಪ ಸ್ಪಂಜನ್ನು ಕೆಳಗಿಟ್ಟರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಮೊದಲ್ನೇ ವಾರ ನಿಜವಾಗ್ಲೂ ವಾಸನೆಗೇ ಬದಲಾಯಿಸಿದೆ. ನೀನು ಅವತ್ತು ಅಂಗಡಿಯಿಂದ ಬಂದು ನೀರು ಆಗಿಲ್ವಂತೆ ಅಂತ ಹೇಳಿ ನಕ್ಕೆ ನೋಡು… ಊಟ ಮುಗಿಯೋವರೆಗೂ ಮಾತಾಡಿದೆ. ನೀನು ಮನೆಗೆ ವಾಪಸ್ ಬಂದ ಮೇಲೆ ಈ ಮನೇಲಿ ಆ ಥರ ಮಾತು ಕೇಳಿರಲಿಲ್ಲ ನಾನು. ನೀರು ಆಗಿಬಿಟ್ರೆ ನೀನು ಹೋಗೋದು ನಿಲ್ಲುತ್ತಲ್ಲ ಅನ್ನಿಸ್ತು." ಅವರು ಬಕೆಟ್ಟಿನ ಕಡೆ ಕೈ ತೋರಿಸಿದರು. "ಎರಡು ಬಕೆಟ್ ನೀರು ಹೊತ್ರೆ ಮಗಳು ನಗ್ತಾಳೆ ಅಂದ್ರೆ ಯಾವ ಅಪ್ಪ ಹೊರಲ್ಲ ಹೇಳು?"

ಅವಳಿಗೆ ಸಿಟ್ಟು, ಅಳು, ನಗು ಮೂರೂ ಒಟ್ಟಿಗೆ ಬಂದವು. ಯಾವುದಕ್ಕೆ ದಾರಿ ಬಿಡಬೇಕೋ ತಿಳಿಯಲಿಲ್ಲ.

"ನೀನೂ ನನಗೆ ಸುಳ್ಳು ಹೇಳಿದ್ಯಲ್ಲ ಅಪ್ಪಾ!"

"ಹೇಳಿಲ್ಲ ಕಂದಾ. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಆದ್ರೂ… ತಪ್ಪೇ."

ಆಗ ಅವಳಿಗೆ ಅಂಗಡಿಯವನು ನೆನಪಾದ. ಹಾಗಾದರೆ ಅವನು ಹೇಳಿದ್ದೆಲ್ಲ ನಿಜ! ಒಂದಕ್ಷರವೂ ಸುಳ್ಳಾಡದ ಮನುಷ್ಯನನ್ನು ತಾನು…

"ಅಪ್ಪಾ… ನಾನು ನಿನ್ನೆ ಅವನನ್ನ ಸುಳ್ಳುಗಾರ ಅಂದುಬಿಟ್ಟೆ. ಅಂಗಡಿ ತುಂಬ ಜನ ಇದ್ರು."

ಅಪ್ಪನ ಕೈಯಿಂದ ಪೈಪು ಜಾರಿತು. ನೀರು ನೆಲದ ತುಂಬ ಹರಿಯಿತು.

"ಅಯ್ಯೋ ಪುಟ್ಟಿ! ತಪ್ಪು ನನ್ನದು. ನಡಿ, ನಾನೇ ಬಂದು ಹೇಳ್ತೀನಿ."

"ಬೇಡ ಅಪ್ಪಾ. ಎಲ್ಲರೆದುರು ಅಂದವಳು ನಾನು. ಎಲ್ಲರೆದುರು ನಾನೇ ಹೇಳ್ಬೇಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಅಂದು ಇಡೀ ದಿನ ಅವಳು ಕೆತ್ತಿದ ಹಲ್ಲೆಲ್ಲ ಸೊಟ್ಟ. ಪ್ಲಾಸ್ಟರ್ ಅಕ್ಕ ವಿಷಯ ತಿಳಿದು, ನಾಲಿಗೆ ಕಚ್ಚಿಕೊಂಡು, "ನನ್ನ ಬಾಯಿಗೇ ಪ್ಲಾಸ್ಟರ್ ಸುರೀಬೇಕು," ಎಂದು ತಲೆ ಚಚ್ಚಿಕೊಂಡರು.

ಸಂಜೆ ಅಂಗಡಿಯಲ್ಲಿ ನಿನ್ನೆಗಿಂತ ಹೆಚ್ಚು ಜನ. ಅವನು ಅವಳನ್ನು ನೋಡಿದ. ನೋಡಿ, ಬಲೆಯನ್ನು ನೀರಿಗಿಳಿಸಿ ಮುಖ ತಿರುಗಿಸಿದ.

"ಏನು ಬೇಕಿತ್ತು?"

ಬಾಟಲಿ ಮೇಡಂ ಇಲ್ಲ, ನಗು ಇಲ್ಲ. ಯಾರೋ ದಾರಿಹೋಕರನ್ನು ಕೇಳಿದಂತೆ. ಓಡಿಹೋಗಲೇ ಅನ್ನಿಸಿತು. ಓಡಲಿಲ್ಲ.

"ಎಲ್ಲರೂ ಒಂದು ನಿಮಿಷ ಕೇಳಿ," ಅವಳು ಗಟ್ಟಿಯಾಗಿ ಹೇಳಿದಳು. "ನಿನ್ನೆ ಇಲ್ಲೇ ನಿಂತು ಇವರನ್ನ ಸುಳ್ಳುಗಾರ ಅಂದೆ. ತಪ್ಪು ನನ್ನದು. ಇವರು ಹೇಳಿದ್ದು ಪ್ರತಿಯೊಂದು ಮಾತೂ ನಿಜ."

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಆಯ್ತಲ್ಲಮ್ಮ, ತಪ್ಪಾಯ್ತು ಅಂದ ಮೇಲೆ ಮುಗೀತು," ಒಬ್ಬ ಅಜ್ಜಿ ಅಂದರು. "ಈಗ ನನ್ನ ಮೊಮ್ಮಗಳಿಗೆ ಆ ಗಪ್ಪಿ ಮೀನು ಹಿಡಿದುಕೊಡಪ್ಪಾ, ಕಾಲು ನೋಯ್ತಿದೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಅವನು ನಗಲಿಲ್ಲ. ಅಜ್ಜಿಗೆ ಗಪ್ಪಿ ಕೊಟ್ಟು, ಉಳಿದವರಿಗೆ ಸ್ವಲ್ಪ ಕಾಯಲು ಹೇಳಿ, ಅವಳನ್ನು ಒಳಗಿನ ಚಿಕ್ಕ ಕೋಣೆಗೆ ಕರೆದ.

"ನೀರು ಬದಲಾಯಿಸಿದ್ದು ನನ್ನಪ್ಪ," ಅವಳು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. "ನನಗೆ ಗೊತ್ತೇ ಇರಲಿಲ್ಲ. ನಾನಲ್ಲ."

ಕ್ಷಮೆ ಕೇಳಿದರೆ ಅವನ ಮುಖ ಹಗುರಾಗುತ್ತದೆ ಎಂದುಕೊಂಡಿದ್ದಳು. ಆದದ್ದೇ ಬೇರೆ! ಅವನ ಮುಖ ಇದ್ದದ್ದಕ್ಕಿಂತ ಬಾಡಿತು.

"ನೀವಲ್ವಾ…" ಅವನು ಸ್ಟೂಲಿನ ಮೇಲೆ ಕುಸಿದ. "ಹಾಗಾದ್ರೆ ನೀವು ನಿಜವಾಗ್ಲೂ ನೀರಿಗೋಸ್ಕರನೇ ಬರ್ತಿದ್ರಿ."

ಅವಳು ತಲೆಯೆತ್ತಿದಳು.

"ನಾನು ಎಂಥ ಹುಚ್ಚ ನೋಡಿ," ಅವನು ನಗಲು ನೋಡಿ ಸೋತ. "ಎರಡನೇ ವಾರವೇ ಗೊತ್ತಾಯ್ತು, ಇದು ಹೊಸ ನೀರು ಅಂತ. ಕೇಳೋಣ ಅಂದ್ಕೊಂಡೆ. ಕೇಳಿದ್ರೆ ನೀವು ನಾಚಿಕೊಂಡು ಬರೋದು ನಿಲ್ಲಿಸಿಬಿಟ್ರೆ? ಈ ಹುಡುಗಿ ನನ್ನ ನೋಡೋಕೆ ಅಂತ ವಾರ ವಾರ ಟ್ಯಾಂಕ್ ತೊಳೀತಾಳಲ್ಲ ಅಂತ… ಎಷ್ಟು ಖುಷಿಯಾಗಿದ್ದೆ ಗೊತ್ತಾ? ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಸುಳ್ಳುಗಾರ ಅಂದಿದ್ದು ಪೂರ್ತಿ ತಪ್ಪೇನಲ್ಲ ಬಿಡಿ."

ಈಗ ಹೌದು, ನೀರಿಗೇ ಬರುತ್ತಿದ್ದೆ ಅಂದರೆ ಮುಗಿಯಿತು. ಮನೆಗೆ ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳಬಹುದು. ಯಾರೂ ಯಾವತ್ತೂ ನೋಯಿಸುವುದಿಲ್ಲ. ಆದರೆ ಅದು ಸುಳ್ಳು! ಸುಳ್ಳು ಸಹಿಸುವುದಿಲ್ಲ ಅಂದವಳು ಈಗ ತಾನೇ ಸುಳ್ಳು ಹೇಳುವುದೇ?

"ಮೊದಮೊದಲು ನೀರಿಗೇ ಬರ್ತಿದ್ದೆ," ಅಂದಳು.

ಅವನು ತಲೆಯೆತ್ತಿದ.

"ಆಮೇಲಾಮೇಲೆ… ನೀವು ನಳಿಗೆ ಅಲ್ಲಾಡಿಸುವಾಗ, ದೇವರೇ ಹಳದೀನೇ ಬರಲಿ ಅಂತ ಬೇಡ್ಕೊಳ್ತಿದ್ದೆ."

ಅವನು ಗಡಬಡಿಸಿ ಎದ್ದ. ಸ್ಟೂಲು ಉರುಳಿ ಬಿತ್ತು. "ಏನಂದ್ರಿ?!"

"ಕೇಳಿಸ್ತಲ್ಲ."

"ಕೇಳಿಸ್ತು… ಇನ್ನೊಂದು ಸಲ ಹೇಳಿ."

"ತಾಳಿ." ಅವಳು ಕೈ ಎತ್ತಿ ತಡೆದಳು. ಕಣ್ಣು ತುಂಬಿದ್ದವು. "ಇನ್ನೊಂದು ವಿಷಯ ಇದೆ. ನಿಮ್ಮನ್ನ ಸುಳ್ಳುಗಾರ ಅಂದವಳು ನಾನೇ ಒಂದನ್ನ ಮುಚ್ಚಿಟ್ಟಿದ್ದೆ. ಮನೇಲಿ ಯಾರಿದೀರಿ ಅಂತ ಕೇಳಿದ್ರಲ್ಲ, ಆವತ್ತೇ ಹೇಳ್ಬೇಕಿತ್ತು. ನನಗೆ ಮದುವೆ ಆಗಿತ್ತು. ಮುರಿದುಹೋಯ್ತು. ಅವನು ಇನ್ನೊಬ್ಬಳ ಜೊತೆ ಇದ್ದ. ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ."

ಅವನ ಮುಖದ ನಗು ಮಾಯವಾಯಿತು. ಈಗ ಕೇಳುತ್ತಾನೆ… ಎಲ್ಲರೂ ಕೇಳಿದ್ದನ್ನೇ ಕೇಳುತ್ತಾನೆ. ತಪ್ಪು ಯಾರದು? ನೀನು ಹೊಂದಿಕೊಳ್ಳಬಹುದಿತ್ತಲ್ಲವಾ? ನೆಂಟರು, ನೆರೆಯವರು, ಲ್ಯಾಬಿನವರು ಎಲ್ಲರೂ ಕೇಳಿದ್ದರು. ಕೇಳಲಿ. ಕೇಳಿಬಿಡಲಿ.

"ತುಂಬಾ ನೋವಾಯ್ತಾ?" ಅವನು ಕೇಳಿದ.

ಅವಳು ಅವನನ್ನೇ ನೋಡಿದಳು. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ! ಅಪ್ಪನಿಗೆ ಕೇಳುವ ಧೈರ್ಯವಿರಲಿಲ್ಲ, ಉಳಿದವರಿಗೆ ಮನಸ್ಸಿರಲಿಲ್ಲ. ಕಟ್ಟಿಕೊಂಡಿದ್ದೆಲ್ಲ ಒಡೆದುಹೋಯಿತು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

"ತುಂಬಾ…" ಅಂದಳು. "ತುಂಬಾ ನೋವಾಯ್ತು ರೀ."

ಅವನು ಹತ್ತಿರ ಬಂದ. ಮುಟ್ಟಲು ಕೈ ಚಾಚಿದವನು, ಕೈ ಒದ್ದೆಯೆಂದು ತಡೆದು, ಅಂಗಿಗೆ ಒರೆಸಿಕೊಂಡು ನಿಂತ. ಅವಳೇ ಆ ಕೈಯನ್ನು ಹಿಡಿದುಕೊಂಡಳು.

ಹೊರಗಿನಿಂದ ಗಿರಾಕಿಗಳು ಕೂಗುತ್ತಿದ್ದರು. "ಯಾರಿದೀರಪ್ಪಾ ಒಳಗೆ? ಎಷ್ಟು ಹೊತ್ತು ಕಾಯೋದು?"

"ಹೋಗಿ," ಅವಳು ಕಣ್ಣೊರೆಸಿಕೊಂಡಳು. "ಎಲ್ಲರೂ ಬೈತಾರೆ."

"ಬೈಲಿ." ಅವನು ಕದಲಲಿಲ್ಲ. "ನಾನು ಹೊರಗೆ ಹೋದ್ರೆ ನೀವು ಹೊರಟುಬಿಡ್ತೀರಾ?"

"ಇಲ್ಲ."

"ನಿಜ?"

"ನಿಜ. ಇಲ್ಲೇ ಕೂತಿರ್ತೀನಿ."

ಅವನು ಬಿದ್ದಿದ್ದ ಸ್ಟೂಲನ್ನು ಎತ್ತಿ, ತೋಳಿನಿಂದ ಒರೆಸಿ, ಅವಳ ಮುಂದಿಟ್ಟ.